ಮೂರನೆಯವರು

ಅವತ್ತು ನಮ್ಮದು ಆಟ ಇರಲಿಲ್ಲ.
ಶ್ರೀಲಂಕಾ, ಜಿಂಬಾಬ್ವೆ. ಊರು ಕೊಲಂಬೊ.
ನಮ್ಮವರು ಎಲ್ಲೋ ಹೋಟೆಲಿನಲ್ಲಿ.

ಬುಡೇನ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ನಾನು ಲೆಕ್ಕದ ಹುಡುಗ,
ಶಾಲೆ ತಪ್ಪಿಸಿದ ಏಳನೇ ಕ್ಲಾಸು.
ಚೀಲಕ್ಕೊಂದು ಗೆರೆ, ಐದಾದರೆ ಅಡ್ಡಗೆರೆ,
ಮಸಿ ಹಿಡಿದ ಗೋಡೆಗೆ ಸುಣ್ಣದ ತುಂಡಿನಲ್ಲಿ.
ಅದೇ ಗೋಡೆಯ ಎಡಕ್ಕೆ ಇನ್ನೊಂದು ಲೆಕ್ಕ, ಮೂರು ದೇಶದ್ದು:
ಆಡಿದ್ದು, ಗೆದ್ದಿದ್ದು, ಸೋತಿದ್ದು, ಪಾಯಿಂಟು.
ಸಾಬರು ನೋಡಿದರು. ನೋಡದವರ ಹಾಗೆ ಬೀಡಿ ಹಚ್ಚಿದರು.

ಒಲೆಗೆ ಹಳೇ ಟೈರು, ಬಾಂಡ್ಲಿಯಲ್ಲಿ ಕಾದ ಮರಳು.
ಹಾಲಮ್ಮ ಉಪ್ಪು ಕುಡಿದ ಅಕ್ಕಿ ಸುರಿಯುತ್ತಾಳೆ,
ಪ್ಯಾರಿಜಾನ್ ಜರಡಿ ಬಡಿಯುತ್ತಾಳೆ,
ಖೈರುನ್‌ಬಿ ಚೀಲ ತುಂಬಿ ಬಾಯಿ ಹೊಲಿಯುತ್ತಾಳೆ.
ತೊಲೆಗೆ ನೇತುಬಿದ್ದ ರೇಡಿಯೋದಲ್ಲಿ ಜನ ಹೋ ಎಂದಾಗ
ಬಾಂಡ್ಲಿಯೂ ಹೋ ಎನ್ನುತ್ತದೆ.
ಬೌಂಡರಿಯೋ ಮಂಡಕ್ಕಿಯೋ
ಎರಡೂ ಸುಮ್ಮನಾಗುವವರೆಗೆ ಗೊತ್ತಾಗುವುದಿಲ್ಲ.

ಹಿಂದಿ ಬಂದರೆ ಖೈರುನ್‌ಬಿ ಹೇಳಬೇಕು, ಇಂಗ್ಲಿಷ್ ಬಂದರೆ ನಾನು,
ತಿಳಿಯದ್ದಕ್ಕೆ ನನ್ನದೇ ಸೇರಿಸಿ.
ಒಮ್ಮೆ ಯಾರನ್ನೋ ಸುಮ್ಮಸುಮ್ಮನೆ ಔಟ್ ಮಾಡಿಬಿಟ್ಟೆ,
ಎರಡು ಓವರ್ ಬಿಟ್ಟು ಅವನೇ ಫೋರ್ ಹೊಡೆದ.
"ಮಣ್ಣು ಮಾಡಿ ಬಂದೋನು ಎದ್ದು ಬಂದ ನೋಡ್ರೇ"
ಅಂದಳು ಹಾಲಮ್ಮ, ಅಕ್ಕಿ ಸುರಿಯುತ್ತ.

"ಅಲ್ಲಲೇ, ಮೂರು ತಂಡ ಅಂತಿ. ಆಡೋದು ಎರಡೇ.
ಮೂರನೆಯೋರು ಎಲ್ಲಿ ಕೂತಿರ್ತಾರೆ?"
ರೂಮಲ್ಲಿ. ಟೀವಿ ಮುಂದೆ.
"ಕೂಲಿ?"
ಐತಿ.
"ಕೂತಿದ್ದಕ್ಕೆ?"
ಹ್ಞೂಂ.
ಖೈರುನ್‌ಬಿ ದಬ್ಬಣದ ದಾರ ಹಲ್ಲಲ್ಲಿ ಕಡಿದಳು.

ಜಿಂಬಾಬ್ವೆ ಗೆದ್ದರೆ ನಾವು ಫೈನಲ್ಲಿಗೆ.
ಹಾಗಾಗಿ ಆ ಮಧ್ಯಾಹ್ನ ದಾವಣಗೆರೆಯ ಒಂದು ಭಟ್ಟಿ
ನಾಲಿಗೆಗೆ ಹೊರಳದ ದೇಶದ ಕಡೆಯದಾಯಿತು.
ಜಿಂಬಾವೆ ಅಂದಳು ಖೈರುನ್‌ಬಿ, ಜಂಬುವೆ ಅಂದಳು ಹಾಲಮ್ಮ.
ಪ್ಯಾರಿಜಾನ್ ಕೆಲಸಕ್ಕೆ ಸೇರಿ ಒಂಬತ್ತೇ ದಿನ,
ಅವಳು ಏನೂ ಅನ್ನಲಿಲ್ಲ,
ಜರಡಿ ಮಾತ್ರ ಜೋರಾಯಿತು.

ಬೇಕಾದದ್ದು ನೂರಾ ತೊಂಬತ್ತು.
ಹತ್ತೊಂಬತ್ತು ಓವರಿಗೆ ನೂರಾ ಹನ್ನೆರಡು, ಹೋದದ್ದು ಒಂದೇ ವಿಕೆಟ್.
ಆಗ ರೇಡಿಯೋದವನ ದನಿ ಇಳಿಯಿತು:
ಮೋಡ. ಹನಿ. ಹೊದಿಕೆ ತರುತ್ತಿದ್ದಾರೆ.
ಇನ್ನಾರು ಓವರ್ ಆಗಿದ್ದರೆ ಲೆಕ್ಕಕ್ಕೆ ಬರುತ್ತಿತ್ತು,
ಇನ್ನಾರೇ ಓವರ್, ಅಂದೆ. ಯಾರಿಗೆ ಅಂದೆನೋ.
ಹಾಡು ಹಾಕಿದರು. ಇನ್ನೊಂದು ಹಾಡು ಹಾಕಿದರು.
ಎರಡು ಬಾಂಡ್ಲಿ ಮಂಡಕ್ಕಿ ಅರಳಿತು, ಚಪ್ಪಾಳೆ ಇಲ್ಲದೆ.

ಆಟ ರದ್ದು. ಇಬ್ಬರಿಗೂ ಒಂದೊಂದು ಪಾಯಿಂಟು.
ಆ ಒಂದರಲ್ಲಿ ಲಂಕಾ ನಮ್ಮನ್ನು ದಾಟಿತು.
ಬ್ಯಾಟು ಮುಟ್ಟದೆ, ಬೂಟು ಕಟ್ಟದೆ
ನಾವು ಸೋತಿದ್ದೆವು.
ನಾನು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡೆ, ಹೊಗೆ ಇತ್ತಲ್ಲ.

"ಮಳೆ ಬಂದ್ರೆ ಪಾಯಿಂಟ್ ಕೊಡ್ತಾರಾ?"
ಕೊಡ್ತಾರೆ.
"ಇಬ್ಬರಿಗೂ?"
ಇಬ್ಬರಿಗೂ.
ಖೈರುನ್‌ಬಿ ಮೇಲಿನ ತಗಡು ನೋಡಿದಳು. ಬೆರಳು ಮಡಿಸಿದಳು.
"ಹೋದ ಆಷಾಢದಾಗ ಹನ್ನೊಂದು ದಿನ ಭಟ್ಟಿ ಹತ್ತಲಿಲ್ಲ.
ನಂದು ಹನ್ನೊಂದು ಆತು. ಬರಿ."
ಹಾಲಮ್ಮ ನಕ್ಕಳು. ಪ್ಯಾರಿಜಾನ್ ಮೊದಲ ಸಲ ನಕ್ಕಳು.
"ನಗೋದಲ್ಲ. ಬರಿಯಲೇ."

ಬರೆದೆ. ಎಡಕ್ಕೆ ಜಾಗವಿರಲಿಲ್ಲ,
ಬಲಕ್ಕೆ, ಚೀಲದ ಗೆರೆಗಳ ಪಕ್ಕಕ್ಕೇ.
ಎರಡು ಐದು, ಒಂದು ಒಂಟಿ.

ಸಂಜೆ ತಗಡಿನ ಮೇಲೆ ಎಣಿಸಬಹುದಾದಷ್ಟು ಹನಿ.
ಹೊರಗಿಟ್ಟ ಚೀಲಗಳ ಮೇಲೆ ಮೂವರೂ ಟಾರ್ಪಾಲು ಎಳೆದರು,
ಆಗ ರೇಡಿಯೋದಲ್ಲಿ ಕೇಳಿದ ಮೈದಾನದವರ ಹಾಗೆ, ಓಡೋಡಿ.
ಬುಡೇನ್ ಸಾಬರು ಚೀಲ ಎಣಿಸಿದರು: ಮೂವತ್ತೇಳು.
ಗೋಡೆ ಎಣಿಸಿದರು: ನಲವತ್ತೆಂಟು.
ನನ್ನನ್ನು ನೋಡಿದರು.
ಬೀಡಿ ಕಿವಿಗೆ ಸಿಕ್ಕಿಸಿ
ಮತ್ತೆ ಮೊದಲಿನಿಂದ ಎಣಿಸತೊಡಗಿದರು.